ಜಗಳಗಂಟ ಸಂಗಾತಿಯೊಡನೆ ಬಾಳುವುದು ಹೇಗೆ: ಸತ್ಯವೇದವನ್ನು ಪೂರ್ತಿಯಾಗಿ ಓದುವ ದಂಪತಿಗಳಿಗೆ

ಮೈಸೂರು, ಮಂಡ್ಯ ಸೀಮೆಯ ಕ್ರೈಸ್ತ ಮನೆಗಳಲ್ಲಿ ಗಂಡಹೆಂಡಿರ ಜಗಳ ಜೋರಾದಾಗ ಯಾರಾದರೊಬ್ಬರು ಜ್ಞಾನೋಕ್ತಿ ಗ್ರಂಥದ 21:9ನ್ನು ನೆನಪಿಸುವುದುಂಟು. ಜಗಳಗಂಟಿಯ ಸಂಗಡ ದೊಡ್ಡ ಮನೆಯಲ್ಲಿ ಬಾಳುವುದಕ್ಕಿಂತ ಮಾಳಿಗೆಯ ಒಂದು ಮೂಲೆಯಲ್ಲಿ ಇರುವುದೇ ಮೇಲು ಎಂಬುದು ಅದರ ಅರ್ಥ. ಅದೇ ಮಾತು 25:24ರಲ್ಲಿ ಮತ್ತೆ ಬರುತ್ತದೆ, 21:19ರಲ್ಲಿ ಮಾಳಿಗೆಯ ಜಾಗವನ್ನು ಮರುಭೂಮಿ ತೆಗೆದುಕೊಳ್ಳುತ್ತದೆ, 19:13 ಮತ್ತು 27:15ರಲ್ಲಿ ಅಂಥ ಹೆಂಡತಿಯ ಮಾತನ್ನು ಬಿಡದೆ ತೊಟ್ಟಿಕ್ಕುವ ಹನಿಗೆ ಹೋಲಿಸಲಾಗಿದೆ. ಈ ಐದು ವಚನಗಳನ್ನು ಹೆಚ್ಚಾಗಿ ಗಂಡನೋ ಅತ್ತೆಯೋ ಎತ್ತಿ ಹೇಳುತ್ತಾರೆ. ಅವನ್ನು ಸೊಸೆಯ ಮುಖಕ್ಕೆ ಎಸೆದ ಮನೆಯಲ್ಲಿ ಜಗಳ ನಿಂತದ್ದನ್ನು ನಾನಂತೂ ಕಂಡಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ಆ ಗ್ರಂಥವನ್ನು ಪೂರ್ತಿಯಾಗಿ ಓದುವುದು. ಅದು ತಂದೆಯೊಬ್ಬನು ಮಗನಿಗೆ ಬುದ್ಧಿ ಹೇಳುವ ರೀತಿಯಲ್ಲಿ ಆರಂಭವಾಗುತ್ತದೆ. ಕೇಳುವವನು ಯುವಕನಾದ್ದರಿಂದ ಸಂಗಾತಿಯ ಉದಾಹರಣೆ ಹೆಣ್ಣಿನದೇ ಆಗಿರುವುದು ಸಹಜ, ಮತ್ತು ಅದನ್ನು ಓದುವ ಹೆಣ್ಣುಮಗಳು ಅದೇ ಬುದ್ಧಿಯನ್ನು ತಿರುಗಿಸಿ ಹಿಡಿದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಗಂಡಸರ ವಿಷಯದಲ್ಲಿಯೂ ಗ್ರಂಥ ಸುಮ್ಮನಿಲ್ಲ. ಕೆಂಡಕ್ಕೆ ಇದ್ದಲು, ಬೆಂಕಿಗೆ ಸೌದೆ ಇದ್ದಂತೆ ಜಗಳಗಂಟನು ವ್ಯಾಜ್ಯವನ್ನು ಹೊತ್ತಿಸುತ್ತಾನೆ ಎಂದು 26:21 ಹೇಳುತ್ತದೆ. ಮುಂಗೋಪಿ ಜಗಳವೆಬ್ಬಿಸುತ್ತಾನೆ ಎಂದು 15:18 ಹೇಳುತ್ತದೆ. ಕೋಪಿಷ್ಠನ ಸಹವಾಸವೇ ಬೇಡ, ಅವನ ನಡತೆಯನ್ನು ನೀನೂ ಕಲಿತೀಯೆ ಎಂದು 22:24-25 ಎಚ್ಚರಿಸುತ್ತದೆ. ಈ ಬರಹದಲ್ಲಿ ಜಗಳಗಂಟ ಸಂಗಾತಿ ಎಂದಾಗ ಗಂಡ, ಹೆಂಡತಿ ಇಬ್ಬರಲ್ಲಿ ಯಾರನ್ನಾದರೂ ಅಂದುಕೊಳ್ಳಬಹುದು.

ಇದು ಜಗಳವೋ, ಹಿಂಸೆಯೋ?

ಮುಂದೆ ಹೇಳುವ ತಾಳ್ಮೆಯ ಮಾತುಗಳೆಲ್ಲ ಜಗಳಕ್ಕೆ ಸಂಬಂಧಿಸಿದವು. ಹೊಡೆತ, ಕೊಲ್ಲುವ ಬೆದರಿಕೆ, ಕೂಡಿಹಾಕುವುದು, ಊಟಕ್ಕೂ ಔಷಧಿಗೂ ಹಣ ಕೊಡದಿರುವುದು, ಮಕ್ಕಳ ಮೇಲೆ ಕೈಮಾಡುವುದು ಇವು ಜಗಳವಲ್ಲ, ಹಿಂಸೆ. ಇಂಥ ಮನೆಯಲ್ಲಿರುವ ಹೆಂಗಸಿಗೆ 1 ಪೇತ್ರ 3:1ನ್ನು ಓದಿ ಹೇಳಿ, ಅಧೀನಳಾಗಿರು, ಪ್ರಾರ್ಥಿಸು ಎಂದು ವಾಪಸು ಕಳುಹಿಸುವುದು ವಾಕ್ಯವನ್ನು ತಪ್ಪಾಗಿ ಬಳಸಿದಂತೆ. ರಾಜನಾದ ಸೌಲನು ಈಟಿ ಎಸೆದಾಗ ದಾವೀದನು ತಪ್ಪಿಸಿಕೊಂಡು ಆ ರಾತ್ರಿಯೇ ಓಡಿಹೋದನು (1 ಸಮುವೇಲ 19:10). ದಮಸ್ಕದಲ್ಲಿ ಕೊಲ್ಲಲು ಕಾದಿದ್ದವರಿಂದ ಪೌಲನನ್ನು ಶಿಷ್ಯರು ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು (ಅಪೊಸ್ತಲರ ಕೃತ್ಯಗಳು 9:25). ಅವರು ಓಡಿದ್ದನ್ನು ಅವಿಶ್ವಾಸವೆಂದು ಸತ್ಯವೇದ ಎಲ್ಲಿಯೂ ಕರೆಯುವುದಿಲ್ಲ.

ಹಿಂಸೆ ಇದ್ದಲ್ಲಿ ಮೊದಲು ಸುರಕ್ಷಿತ ಸ್ಥಳಕ್ಕೆ ಹೋಗಬೇಕು, ಮಾತುಕತೆ ಆಮೇಲೆ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181 ಇವೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯು ದೈಹಿಕ ಹಿಂಸೆಯ ಜೊತೆಗೆ ಮಾತಿನ, ಮಾನಸಿಕ ಮತ್ತು ಆರ್ಥಿಕ ಹಿಂಸೆಯನ್ನೂ ಒಳಗೊಳ್ಳುತ್ತದೆ, ಮತ್ತು ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಡುತ್ತದೆ. ಆ ಕಾಯ್ದೆಯಡಿ ಗಂಡಸರು ತಮಗಾಗಿ ರಕ್ಷಣೆ ಕೇಳುವಂತಿಲ್ಲ. ಆದರೆ ಹೊಡೆಸಿಕೊಳ್ಳುವ ಗಂಡನೂ 112ಕ್ಕೆ ಕರೆ ಮಾಡಬಹುದು, ನಾಚಿಕೆಪಡಬೇಕಾಗಿಲ್ಲ.

ಜಗಳದ ಬೇರನ್ನು ಹುಡುಕುವುದು

ನಿಮ್ಮಲ್ಲಿ ಯುದ್ಧಗಳೂ ಕಾದಾಟಗಳೂ ಎಲ್ಲಿಂದ ಬರುತ್ತವೆ ಎಂದು ಯಾಕೋಬನು 4:1ರಲ್ಲಿ ಕೇಳಿ, ನಿಮ್ಮೊಳಗೇ ಹೋರಾಡುವ ಆಶೆಗಳಿಂದಲ್ಲವೇ ಎಂದು ತಾನೇ ಉತ್ತರ ಕೊಡುತ್ತಾನೆ. ಇದನ್ನು ಮನೆಗೆ ಅನ್ವಯಿಸುವ ವಿಧಾನ ಸರಳವಾಗಿದೆ. ಮನಸ್ಸು ತಣ್ಣಗಿರುವ ಒಂದು ದಿನ, ಇತ್ತೀಚಿನ ಕೆಲವು ಜಗಳಗಳು ಯಾವ ಮಾತಿನಿಂದ ಶುರುವಾದವು ಮತ್ತು ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದು ಏನು ಎಂಬುದನ್ನು ಒಬ್ಬರೇ ಕೂತು ಹಾಳೆಯಲ್ಲಿ ಬರೆಯಿರಿ. ಸಂಗಾತಿಗೆ ಏನು ಬೇಕಾಗಿತ್ತು ಎಂಬುದನ್ನು ಊಹಿಸಿ ಬರೆಯಬೇಡಿ. ಅದನ್ನು ಆಮೇಲೆ ಅವರನ್ನೇ ಕೇಳಬೇಕು. ತನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆದುಕೊಳ್ಳಬೇಕೆಂದು ಮತ್ತಾಯ 7:5 ಹೇಳುವುದು ಇಂಥ ಕೆಲಸವನ್ನೇ.

ಹಾಗೆ ಬರೆದವರಲ್ಲಿ ಬಹಳ ಮಂದಿಗೆ ಕಾಣುವುದು, ಜಗಳ ಸಾರಿಗೆ ಉಪ್ಪು ಕಡಿಮೆಯಾದ್ದಕ್ಕೋ ಬಾಗಿಲು ತೆಗೆಯಲು ತಡವಾದ್ದಕ್ಕೋ ಎದ್ದಿದ್ದರೂ ಬೇರು ಹಣದಲ್ಲಿದೆ ಎಂಬುದು. ಮಂಡ್ಯ ಕಡೆ ಕಬ್ಬು ಕಡಿದು ತಿಂಗಳುಗಳಾದರೂ ಕಾರ್ಖಾನೆಯಿಂದ ಬಾಕಿ ಬಂದಿರುವುದಿಲ್ಲ, ಅಷ್ಟರಲ್ಲಿ ಸಂಘದ ಸಾಲದ ಕಂತಿನ ದಿನ ಬಂದಿರುತ್ತದೆ, ಒಡವೆ ಅಡವಿಟ್ಟಿರುವುದು ಹೆಂಡತಿಗೆ ಮಾತ್ರ ಗೊತ್ತಿರುತ್ತದೆ. ಮೈಸೂರಿನಲ್ಲಿ ಗಂಡ ಹೂಟಗಳ್ಳಿಯಲ್ಲೋ ನಂಜನಗೂಡಿನಲ್ಲೋ ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಹೆಂಡತಿ ಕೆಲಸಕ್ಕೆ ಹೊರಟಿರುತ್ತಾಳೆ, ಮನೆಸಾಲದ ಲೆಕ್ಕವನ್ನು ಇಬ್ಬರೂ ಕೂತು ನೋಡಿದ್ದೇ ಇಲ್ಲ. ಇಂಥಲ್ಲಿ ಬೇಕಾಗಿರುವುದು ಸ್ವಭಾವದ ಬದಲಾವಣೆಗಿಂತ ಮೊದಲು ಒಂದು ಲೆಕ್ಕದ ಪುಸ್ತಕ ಮತ್ತು ವಾರಕ್ಕೊಂದು ಗಂಟೆ.

ಹಣ ಮತ್ತು ಮಾನ ಎರಡೂ ಸೇರಿಕೊಂಡ ಜಗಳದ ಚಿತ್ರಣ ತೋಬಿತನ ಗ್ರಂಥದಲ್ಲಿದೆ. ಇದು ಕಥೋಲಿಕರ ಬೈಬಲಿನಲ್ಲಿದೆ, ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ ಸೇರಿಲ್ಲ. ಆದರೂ ಯಾವ ಸಭೆಯವರು ಓದಿದರೂ ನಷ್ಟವಿಲ್ಲ. ತೋಬಿತನು ದಾನಧರ್ಮಕ್ಕೆ ಹೆಸರಾದವನು, ಕಣ್ಣು ಕಳೆದುಕೊಂಡು ಮನೆಯಲ್ಲಿದ್ದಾನೆ. ಹೆಂಡತಿ ಅನ್ನಾ ನೇಯ್ಗೆಯ ಕೂಲಿಗೆ ಹೋಗಿ ಸಂಸಾರ ನಡೆಸುತ್ತಾಳೆ. ಒಂದು ದಿನ ಯಜಮಾನರು ಪೂರ್ತಿ ಕೂಲಿಯ ಜೊತೆಗೆ ಒಂದು ಆಡಿನಮರಿಯನ್ನೂ ಕೊಟ್ಟು ಕಳುಹಿಸುತ್ತಾರೆ. ಮರಿ ಅರಚುವುದನ್ನು ಕೇಳಿದ ತೋಬಿತನು ಇದು ಕದ್ದದ್ದಿರಬೇಕು, ಹಿಂದಕ್ಕೆ ಕೊಡು ಎನ್ನುತ್ತಾನೆ. ಉಡುಗೊರೆ ಎಂದರೂ ನಂಬುವುದಿಲ್ಲ. ಆಗ ಅವಳು, ನಿನ್ನ ದಾನಧರ್ಮಗಳೆಲ್ಲ ಈಗ ಎಲ್ಲಿ ಹೋದವು ಎಂದು ತಿರುಗಿ ಕೇಳುತ್ತಾಳೆ. ಅವನು ಅಳುತ್ತಾ ಸಾವನ್ನು ಬೇಡುತ್ತಾನೆ. ದುಡಿಯುವ ಹೆಂಡತಿ, ಕೆಲಸ ಹೋದ ಗಂಡ, ಒಂದು ಅನುಮಾನದ ಮಾತು, ಅದಕ್ಕೆ ಸರಿಯಾಗಿ ನಾಟುವ ಉತ್ತರ: ನಮ್ಮ ಬೀದಿಯಲ್ಲಿ ನಡೆದಂತೆಯೇ ಇದೆ. ಅನ್ನಾ ಜಗಳಗಂಟಿಯಲ್ಲ, ದಣಿದವಳು. ತೋಬಿತನು ಕೆಟ್ಟವನಲ್ಲ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಸಂಕಟದಲ್ಲಿ ಮನೆಯ ನೀತಿಯನ್ನಾದರೂ ಕಾಯುತ್ತೇನೆಂದು ಹೊರಟವನು. ನಿಮ್ಮ ಸಂಗಾತಿಯನ್ನು ಜಗಳಗಂಟರೆಂದು ತೀರ್ಮಾನಿಸುವ ಮೊದಲು ಅವರು ದಣಿದಿದ್ದಾರೆಯೇ ಎಂದು ನೋಡಿ.

ತೂಬು ತೆಗೆಯುವ ಮೊದಲು

ಜಗಳದ ಆರಂಭವು ನೀರಿಗೆ ದಾರಿ ಬಿಟ್ಟಂತೆ, ಆದ್ದರಿಂದ ಅದು ಸಿಡಿಯುವ ಮೊದಲೇ ಬಿಟ್ಟುಬಿಡು ಎಂದು ಜ್ಞಾನೋಕ್ತಿ 17:14 ಹೇಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೂಬು ಎತ್ತುವಾಗ ಒಬ್ಬನ ಕೈ ಸಾಕು. ಏರಿ ಕೊಚ್ಚಿದ ಮೇಲೆ ಊರೇ ಬಂದರೂ ನೀರು ಹಿಂದಕ್ಕೆ ಹೋಗುವುದಿಲ್ಲ. ದಂಪತಿಗಳು ಮಾಡಿಕೊಳ್ಳಬಹುದಾದ ಏರ್ಪಾಡುಗಳಲ್ಲಿ ಎಲ್ಲಕ್ಕಿಂತ ಫಲ ಕೊಡುವುದು ಇದೇ ಎಂದು ನನಗನ್ನಿಸುತ್ತದೆ: ಜಗಳವಿಲ್ಲದ ದಿನ ಇಬ್ಬರೂ ಕೂತು, ದನಿ ಏರಿದಾಗ ಮಾತು ನಿಲ್ಲಿಸಲು ಒಂದು ಒಪ್ಪಂದ ಮಾಡಿಕೊಳ್ಳುವುದು. ಯಾವ ಮಾತು ಹೇಳಿದರೆ ನಿಲ್ಲಿಸಬೇಕು, ಯಾರು ಯಾವ ಕೋಣೆಗೆ ಅಥವಾ ಎಲ್ಲಿಗೆ ನಡೆದು ಬರಬೇಕು, ಮತ್ತೆ ಎಷ್ಟು ಹೊತ್ತಿಗೆ ಅದೇ ವಿಷಯಕ್ಕೆ ಮರಳಬೇಕು ಎಂಬ ಮೂರನ್ನೂ ಆಗಲೇ ನಿಶ್ಚಯಿಸಬೇಕು. ಕೊನೆಯದನ್ನು ಬಿಟ್ಟರೆ ಒಪ್ಪಂದ ಕೆಡುತ್ತದೆ. ಏಕೆಂದರೆ ಬಾಗಿಲು ಎಳೆದುಕೊಂಡು ಹೋದವನು ಯಾವಾಗ ಬರುತ್ತಾನೆಂದು ತಿಳಿಯದೆ ಕಾಯುವವಳ ಕೋಪ ಇಮ್ಮಡಿಸುತ್ತದೆ.

ಇಲ್ಲಿ ಒಬ್ಬರಾದರೂ ಎಫೆಸ 4:26ನ್ನು ಎತ್ತುತ್ತಾರೆ: ಸೂರ್ಯ ಮುಳುಗುವುದಕ್ಕೆ ಮುಂಚೆ ಕೋಪ ತೀರಬೇಕಲ್ಲವೇ? ಈ ವಚನದ ಬಲದಿಂದ ರಾತ್ರಿ ಒಂದು ಗಂಟೆಯವರೆಗೆ ಹೆಂಡತಿಯನ್ನು ಮಲಗಗೊಡದೆ ವಾದ ಮಾಡುವ ಗಂಡಂದಿರಿದ್ದಾರೆ. ಆದರೆ ಕೋಪಗೊಂಡರೂ ಪಾಪ ಮಾಡಬೇಡಿರಿ ಎಂದು ಪೌಲನು ಅಲ್ಲಿ ಹೇಳುವ ಮಾತು ಕೀರ್ತನೆ 4:4ರಿಂದ ಬಂದದ್ದು, ಮತ್ತು ಆ ಕೀರ್ತನೆ ಮುಂದುವರಿದು ಹಾಸಿಗೆಯ ಮೇಲೆ ಮನಸ್ಸಿನಲ್ಲೇ ಆಲೋಚಿಸಿ ಮೌನವಾಗಿರಿ ಎನ್ನುತ್ತದೆ. ಎರಡನ್ನೂ ಸೇರಿಸಿ ಓದಿದರೆ ಆ ರಾತ್ರಿ ತೀರಿಸಬೇಕಾದ್ದು ದ್ವೇಷವನ್ನೇ ಹೊರತು ವಿಷಯವನ್ನಲ್ಲ ಎಂದು ತಿಳಿಯುತ್ತದೆ. ಈಗ ಮಾತು ಬೇಡ, ನಾಳೆ ಸಂಜೆ ಕೂತು ನೋಡೋಣ, ನಿನ್ನ ಮೇಲೆ ನನಗೆ ಹಗೆಯಿಲ್ಲ ಎಂದು ಹೇಳಿ ಮಲಗಿದರೆ ವಾಕ್ಯಕ್ಕೆ ವಿಧೇಯರಾದಂತೆಯೇ.

ಹೊತ್ತು ಕಾಯುವುದನ್ನು ಕಲಿಯಲು 1 ಸಮುವೇಲ 25ಕ್ಕಿಂತ ಒಳ್ಳೆಯ ಅಧ್ಯಾಯವಿಲ್ಲ. ಮೂರು ಸಾವಿರ ಕುರಿ, ಒಂದು ಸಾವಿರ ಮೇಕೆಗಳ ಒಡೆಯನಾದ ನಾಬಾಲನು ಒರಟ. ಅವನೊಡನೆ ಯಾರೂ ಮಾತಾಡುವ ಹಾಗಿಲ್ಲವೆಂದು ಅವನ ಆಳೇ ಹೇಳುತ್ತಾನೆ. ದಾವೀದನ ಜನರನ್ನು ಅವನು ಹೀಯಾಳಿಸಿ ಕಳುಹಿಸಿದ್ದರಿಂದ ನಾನೂರು ಮಂದಿ ಕತ್ತಿ ಕಟ್ಟಿಕೊಂಡು ಬರುತ್ತಿದ್ದಾರೆ. ಹೆಂಡತಿ ಅಬೀಗೈಲಳು ಗಂಡನಿಗೆ ತಿಳಿಸದೆ ರೊಟ್ಟಿ, ದ್ರಾಕ್ಷಾರಸ, ಕುರಿಮಾಂಸ, ಹುರಿಗಾಳು, ಒಣದ್ರಾಕ್ಷಿ, ಅಂಜೂರದ ಉಂಡೆಗಳನ್ನು ಕತ್ತೆಗಳ ಮೇಲೆ ಹೇರಿಸಿಕೊಂಡು ಹೋಗಿ ದಾವೀದನನ್ನು ತಡೆಯುತ್ತಾಳೆ. ಮನೆಗೆ ಮರಳಿದಾಗ ನಾಬಾಲನು ಔತಣದಲ್ಲಿ ಚೆನ್ನಾಗಿ ಕುಡಿದಿರುವುದನ್ನು ಕಂಡು ಬೆಳಗಾಗುವವರೆಗೆ ಒಂದು ಮಾತನ್ನೂ ಆಡುವುದಿಲ್ಲ. ಅಮಲು ಇಳಿದ ಮೇಲೆ ಎಲ್ಲವನ್ನೂ ತಿಳಿಸುತ್ತಾಳೆ. ಕುಡಿದು ಬಂದ ಗಂಡನನ್ನು ಆಗಲೇ ಪ್ರಶ್ನಿಸಬೇಕೆನ್ನುವ ಹಟ ಎಷ್ಟು ಮನೆಗಳನ್ನು ರಣರಂಗ ಮಾಡಿದೆಯೆಂಬುದನ್ನು ಬಲ್ಲವರಿಗೆ ಈ ಒಂದು ವಾಕ್ಯದ ಬೆಲೆ ಗೊತ್ತಾಗುತ್ತದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು: ಅವಳು ಗಂಡನ ತಪ್ಪನ್ನು ಮುಚ್ಚಿಡಲಿಲ್ಲ, ಅವನ ಒರಟುತನಕ್ಕೆ ಮನೆಯ ಆಳುಕಾಳುಗಳು ಬಲಿಯಾಗಲು ಬಿಡಲೂ ಇಲ್ಲ. ತಾಳ್ಮೆಯೆಂದರೆ ಕೈಕಟ್ಟಿ ಕೂರುವುದೆಂದು ಬೋಧಿಸುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

ಆಡಬಾರದ ಮಾತು, ಆಡಬಹುದಾದ ಮಾತು

ಮೃದುವಾದ ಉತ್ತರ ಸಿಟ್ಟನ್ನಾರಿಸುತ್ತದೆ ಎಂಬ ಜ್ಞಾನೋಕ್ತಿ 15:1 ಎಲ್ಲರಿಗೂ ಬಾಯಿಪಾಠ. ಆದರೆ ಮೃದು ಉತ್ತರವೆಂದರೆ ತಗ್ಗಿದ ದನಿಯಲ್ಲಿ ಆಡಿದ ಚುಚ್ಚುಮಾತಲ್ಲ. ಕೇಳಿ ಮುಗಿಸುವ ಮೊದಲೇ ಉತ್ತರಿಸುವುದು ಮೂರ್ಖತನವೆಂದು 18:13 ಹೇಳುವುದರಿಂದ, ಉತ್ತರ ಕೊಡುವ ಮುನ್ನ ಸಂಗಾತಿ ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ: 'ಅಮ್ಮನ ಆಸ್ಪತ್ರೆ ಖರ್ಚನ್ನು ನಿನ್ನನ್ನು ಕೇಳದೆ ಕೊಟ್ಟದ್ದು ನಿನಗೆ ನೋವಾಗಿದೆ, ಅಲ್ಲವೇ?' ಹೌದು ಎಂಬ ಉತ್ತರ ಬಂದ ಮೇಲೆ ಮಾತ್ರ ನಿಮ್ಮ ಕಾರಣವನ್ನು ಹೇಳಿ. ಯಾವಾಗಲೂ, ಒಂದು ದಿನವೂ, ನಿಮ್ಮ ಮನೆಯವರೆಲ್ಲ ಎಂಬ ಪದಗಳನ್ನು ಬಿಟ್ಟು ಮಾತಾಡಲು ಪ್ರಯತ್ನಿಸಿ. ಪ್ರೀತಿಯು ಅಪಕಾರದ ಲೆಕ್ಕ ಇಡುವುದಿಲ್ಲವೆಂದು 1 ಕೊರಿಂಥ 13:5 ಹೇಳುತ್ತದೆ. ಇವತ್ತಿನ ಜಗಳಕ್ಕೆ ಮದುವೆಯ ದಿನದ ಊಟದ ಕೊರತೆಯನ್ನು ಎಳೆದು ತರುವವರ ಬಳಿ ಆ ಲೆಕ್ಕ ಭದ್ರವಾಗಿರುತ್ತದೆ.

ತವರಿನ ಮಾತು ಎತ್ತಿದರೆ ಏನಾಗುತ್ತದೆ ಎಂಬುದಕ್ಕೆ 2 ಸಮುವೇಲ 6 ಸಾಕ್ಷಿ. ದೇವರ ಮಂಜೂಷದ ಮುಂದೆ ಕುಣಿದು, ಮನೆಯವರನ್ನು ಆಶೀರ್ವದಿಸಲು ಬಂದ ದಾವೀದನನ್ನು ಅವನ ಹೆಂಡತಿ, ಸೌಲನ ಮಗಳು ಮೀಕಲಳು ಬಾಗಿಲಲ್ಲೇ ಹಂಗಿಸುತ್ತಾಳೆ. ದಾವೀದನು ಅದಕ್ಕೆ, ನಿನ್ನ ತಂದೆಯನ್ನೂ ಅವನ ಮನೆತನವನ್ನೂ ಬಿಟ್ಟು ಯೆಹೋವನು ನನ್ನನ್ನು ಆರಿಸಿಕೊಂಡನು ಎನ್ನುತ್ತಾನೆ. ತಂದೆಯನ್ನೂ ಅಣ್ಣತಮ್ಮಂದಿರನ್ನೂ ಯುದ್ಧದಲ್ಲಿ ಕಳೆದುಕೊಂಡಿದ್ದವಳಿಗೆ ಅದು ಹೇಗೆ ನಾಟಿರಬೇಕು! ಅಧ್ಯಾಯ ಮುಗಿಯುವುದು ಅವಳಿಗೆ ಸಾಯುವವರೆಗೂ ಮಕ್ಕಳಾಗಲಿಲ್ಲವೆಂಬ ಮಾತಿನಿಂದ. ಯೋಬನನ್ನು ನೋಡಿದರೆ ಅವನ ಹೆಂಡತಿಯೂ ಕಟುವಾಗಿಯೇ ಮಾತಾಡಿದಳು. ಆದರೆ ಹತ್ತು ಮಕ್ಕಳನ್ನು ಕಳೆದುಕೊಂಡವರು ಅವರಿಬ್ಬರೂ. ಯೋಬನು ಅವಳನ್ನು ಮೂರ್ಖಳೆನ್ನುವುದಿಲ್ಲ, ಮೂರ್ಖಳು ಮಾತಾಡುವಂತೆ ಮಾತಾಡುತ್ತೀಯೆ ಎನ್ನುತ್ತಾನೆ. ಆಮೇಲೆ, ದೇವರಿಂದ ಒಳ್ಳೆಯದನ್ನು ಹೊಂದಿದ ನಾವು ಕೆಟ್ಟದ್ದನ್ನೂ ಹೊಂದಬಾರದೇ ಎಂದು ಅವಳನ್ನು ತನ್ನ ಜೊತೆಗೇ ಸೇರಿಸಿಕೊಳ್ಳುತ್ತಾನೆ (ಯೋಬ 2:10).

ಮೂರನೆಯವರನ್ನು ಕರೆಯುವುದು

ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುವನೆಂದು ಆದಿಕಾಂಡ 2:24 ಹೇಳುತ್ತದೆ. ಅಪ್ಪ ಅಮ್ಮನನ್ನು ಸಾಕಬಾರದೆಂದು ಇದರ ಅರ್ಥವಲ್ಲ. ತಂದೆತಾಯಿಗಳನ್ನು ಸನ್ಮಾನಿಸುವ ಆಜ್ಞೆ ಹಾಗೆಯೇ ಇದೆ. ಆದರೆ ಗಂಡಹೆಂಡಿರ ಜಗಳವನ್ನು ಆ ರಾತ್ರಿಯೇ ಅಮ್ಮನಿಗೆ ಫೋನು ಮಾಡಿ ಒಪ್ಪಿಸುವುದು, ಇಬ್ಬರಲ್ಲಿ ಯಾರು ಮಾಡಿದರೂ, ಬಿಡದಿರುವುದರ ಲಕ್ಷಣ. ನೀವು ರಾಜಿಯಾದ ಮೇಲೂ ಅಮ್ಮ ಅದನ್ನು ಮರೆಯುವುದಿಲ್ಲ.

ಕ್ರಮವನ್ನು ಮತ್ತಾಯ 18:15-17 ಕೊಟ್ಟಿದೆ: ಮೊದಲು ಇಬ್ಬರೇ, ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು, ಆಮೇಲೆ ಸಭೆ. ಮಧ್ಯಸ್ಥರಾಗಿ ಬರುವವರು ಇಬ್ಬರಿಗೂ ಒಪ್ಪಿಗೆಯಾದವರೂ ಬಾಯಿ ಬಿಗಿಯಿರುವವರೂ ಆಗಿರಲಿ. ಮೊದಲು ಮಾತಾಡಿದವನದೇ ನ್ಯಾಯವೆಂದು ತೋರುತ್ತದೆ, ಎದುರುಪಕ್ಷದವನು ಬಂದು ವಿಚಾರಿಸುವ ತನಕ, ಎಂಬ ಜ್ಞಾನೋಕ್ತಿ 18:17ನ್ನು ಅವರೂ ಓದಿಕೊಂಡು ಬರಲಿ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯ ಅಯ್ಯನವರಾಗಲಿ ಧರ್ಮಕೇಂದ್ರದ ಗುರುಗಳಾಗಲಿ ಇಬ್ಬರನ್ನೂ ಪ್ರತ್ಯೇಕವಾಗಿ ಕೇಳಿ ಆಮೇಲೆ ಒಟ್ಟಿಗೆ ಕೂರಿಸುವವರಾದರೆ ಒಳ್ಳೆಯದು. ಪ್ರಾರ್ಥನಾ ಕೂಟದ ವಾಟ್ಸಾಪ್ ಗುಂಪಿನಲ್ಲಿ 'ನಮ್ಮವರ ಕೋಪ ಕಡಿಮೆಯಾಗಲೆಂದು ಪ್ರಾರ್ಥಿಸಿ' ಎಂದು ಹಾಕುವುದು ಪ್ರಾರ್ಥನೆಯ ಕೋರಿಕೆಯಲ್ಲ, ಊರಿಗೆ ಸಾರಿದ ದೂರು.

ಸಂಗಾತಿ ಬದಲಾಗದಿದ್ದರೆ

ಎಲ್ಲ ಮಾಡಿಯೂ ಕೆಲವರು ಹಾಗೆಯೇ ಉಳಿಯುತ್ತಾರೆ. ಜಗಳಗಂಟಿಯನ್ನು ತಡೆಯುವವನು ಗಾಳಿಯನ್ನು ತಡೆಯುವವನಂತೆ ಎಂದು ಜ್ಞಾನೋಕ್ತಿ 27:16 ಒಪ್ಪಿಕೊಂಡುಬಿಟ್ಟಿದೆ. ಬಾಯಿ ಮುಚ್ಚಿಸುವ ಪ್ರಯತ್ನವನ್ನು ಅಲ್ಲಿಗೆ ಕೈಬಿಟ್ಟು, ನಿಮ್ಮ ಕೈಲಿರುವುದನ್ನು ನೋಡಿಕೊಳ್ಳಬೇಕು. ಗಂಡನಾದವನಿಗೆ ವಿವೇಕದಿಂದ ಒಗತನ ಮಾಡಬೇಕೆಂದೂ, ಹೆಂಡತಿಗೆ ಮಾನ ಸಲ್ಲಿಸದಿದ್ದರೆ ಅವನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆಂದೂ 1 ಪೇತ್ರ 3:7 ಹೇಳುತ್ತದೆ. ಕೊಲೊಸ್ಸೆ 3:19 ಗಂಡಂದಿರಿಗೆ ನಿಷ್ಠುರರಾಗಿರಬೇಡಿ ಎನ್ನುತ್ತದೆ. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎಂಬ ಎಫೆಸ 5:22ನ್ನು ಉದ್ಧರಿಸುವವರು ಅದರ ಹಿಂದಿನ ವಚನವನ್ನೂ ಓದಬೇಕು. ಅಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. ಹೆಂಡತಿಗೂ ಹೀಗೆಯೇ: ನೂರು ಸಲ ಹೇಳಿದ್ದನ್ನು ನೂರೊಂದನೆಯ ಸಲ ಹೇಳುವ ಬದಲು ನಡತೆ ಮಾತಾಡಲಿ ಎಂಬುದು 1 ಪೇತ್ರ 3:1-2ರ ಸರಿಯಾದ ಬಳಕೆ.

ಸ್ವಭಾವವೆಂದು ತಿಳಿದದ್ದು ಕಾಯಿಲೆಯಾಗಿರಲೂಬಹುದು. ಮೊದಲು ಶಾಂತರಾಗಿದ್ದವರು ಇದ್ದಕ್ಕಿದ್ದಂತೆ ಸಿಡುಕರಾದರೆ, ಹೆರಿಗೆಯ ನಂತರ ಅಥವಾ ಮುಟ್ಟು ನಿಲ್ಲುವ ಕಾಲದಲ್ಲಿ ವರ್ತನೆ ಬದಲಾದರೆ, ನಿದ್ರೆ ಕೆಟ್ಟರೆ, ವೈದ್ಯರನ್ನು ಕಾಣಬೇಕು. ಥೈರಾಯ್ಡ್ ತೊಂದರೆ ಮತ್ತು ಖಿನ್ನತೆ ಎರಡೂ ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳಬಲ್ಲವು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ; ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ರೋಗಿಗಳಿಗೆ ವೈದ್ಯನು ಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಮತ್ತಾಯ 9:12), ಆದ್ದರಿಂದ ಮಾತ್ರೆ ನುಂಗುವುದು ನಂಬಿಕೆಗೆ ಕುಂದಲ್ಲ.

ಬೇರೆ ಇರಲೇಬೇಕಾದ ಸ್ಥಿತಿ ಬಂದರೆ 1 ಕೊರಿಂಥ 7:10-11ನ್ನು ಗಮನವಿಟ್ಟು ಓದಿ. ಅಗಲಬಾರದೆಂದು ಹೇಳಿದ ಪೌಲನೇ, ಅಗಲಿದರೆ ಮತ್ತೊಂದು ಮದುವೆಯಾಗದೆ ಇರಲಿ ಅಥವಾ ಗಂಡನೊಡನೆ ಸಮಾಧಾನವಾಗಲಿ ಎಂದು ಸೇರಿಸುತ್ತಾನೆ. ಅಂದರೆ ಬೇರೆ ಇರುವುದು ಮತ್ತು ಮದುವೆಯನ್ನು ಮುರಿಯುವುದು ಅವನಿಗೆ ಒಂದೇ ಅಲ್ಲ. ಕ್ರೈಸ್ತರ ವಿಚ್ಛೇದನಕ್ಕೆ ನಮ್ಮ ದೇಶದಲ್ಲಿ 1869ರ ಕಾಯ್ದೆಯಿದೆ, 2001ರ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ದಾರಿಯೂ ಅದರಲ್ಲಿ ಸೇರಿದೆ. ಕೌಟುಂಬಿಕ ನ್ಯಾಯಾಲಯವೂ ಮೊದಲು ರಾಜಿಗೆ ಯತ್ನಿಸಬೇಕೆಂದು 1984ರ ಕಾಯ್ದೆ ವಿಧಿಸುತ್ತದೆ. ಕಥೋಲಿಕರಾದರೆ ನ್ಯಾಯಾಲಯದ ತೀರ್ಪಿನಿಂದ ಧರ್ಮಸಭೆಯ ವಿವಾಹ ಮುಗಿಯುವುದಿಲ್ಲವಾದ್ದರಿಂದ ಧರ್ಮಪ್ರಾಂತ್ಯದ ನ್ಯಾಯಮಂಡಳಿಯನ್ನು ಗುರುಗಳ ಮೂಲಕ ವಿಚಾರಿಸಬೇಕಾಗುತ್ತದೆ.

ಬೇರೆ ಇದ್ದವರು ಮರಳಿ ಕೂಡುವಾಗ ಹಬ್ಬಕ್ಕೋ ನೆಂಟರ ಒತ್ತಾಯಕ್ಕೋ ಕೂಡಬಾರದು. ಕುಡಿತ ಬಿಟ್ಟಿದ್ದೇನೆ ಎಂಬುದು ಒಂದು ಮಾತಾದರೆ, ಕೆಲವು ತಿಂಗಳು ಬಿಟ್ಟಿರುವುದನ್ನು ಮಧ್ಯಸ್ಥರು ಕಂಡಿರುವುದು ಇನ್ನೊಂದು. ಸಂಬಳ ಯಾರ ಕೈಗೆ ಬರಬೇಕು, ಎಲ್ಲಿ ಮನೆ ಮಾಡಬೇಕು, ದನಿ ಏರಿದರೆ ಯಾರಿಗೆ ಫೋನು ಮಾಡಬೇಕು ಎಂಬುದನ್ನು ಕಾಗದದಲ್ಲಿ ಬರೆದು, ಇಬ್ಬರೂ ರುಜು ಹಾಕಿ, ಒಂದು ಪ್ರತಿಯನ್ನು ಮಧ್ಯಸ್ಥರ ಬಳಿ ಇಟ್ಟ ಮೇಲೆ ಸಾಮಾನು ಸಾಗಿಸಿ.